ಅಮಾವಾಸ್ಯೆಗೆ ಹಾಡುತ್ತಿದ್ದ ಪೆಟ್ಟಿಗೆ

ಮಾವ ತೀರಿಹೋದ ಮೇಲೂ, ನಾಣ್ಯ ಹಾಕಿದರೆ ಹಾಡುವ ಅವರ ಜೂಕ್‌ಬಾಕ್ಸ್ ಅಮಾವಾಸ್ಯೆ ಸಂಜೆ ತಾನಾಗಿಯೇ ಹಾಡುತ್ತದೆ ಎಂದು ಅತ್ತೆ ಹೇಳಿದಾಗ ನಾನು ನಕ್ಕಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ, ಜಾತಕ, ವಾಸ್ತು ಎಲ್ಲವನ್ನೂ ವೇದಿಕೆಯಿಂದ ಕೆಳಗಿಳಿಸಿ ಬಂದವನು ನಾನು.

ಆಮೇಲೊಂದು ಅಮಾವಾಸ್ಯೆ ಕಡ್ಡಿರಾಂಪುರದ ಅವರ ಖಾನಾವಳಿಯಲ್ಲಿ ಕುಳಿತಿದ್ದೆ. ಅತ್ತೆ ಪೂಜೆ ಮುಗಿಸಿ ಒಳಗೆ ಹೋಗಿದ್ದರು. ಯಾರೂ ನಾಣ್ಯ ಹಾಕಲಿಲ್ಲ, ಯಾರೂ ಬಟನ್ ಒತ್ತಲಿಲ್ಲ. ಮೂಲೆಯ ಪೆಟ್ಟಿಗೆಯೊಳಗೆ ಏನೋ ಟಕ್ ಎಂದಿತು. ರೆಕಾರ್ಡು ಮೆಲ್ಲಗೆ ಎದ್ದು ತಿರುಗತೊಡಗಿತು. ಮಾವ ಕೊನೆಯ ಸಲ ಹಾಕಿದ್ದ ಹಾಡು. ಅವರು ಒತ್ತಿದ ಬಟನ್ ಇನ್ನೂ ಒಳಗೇ ಸಿಕ್ಕಿಕೊಂಡಿತ್ತು. ರೊಟ್ಟಿ ಮುರಿಯುತ್ತಿದ್ದ ಲಾರಿ ಡ್ರೈವರ್ ತಾಟು ಬಿಟ್ಟು ಎದ್ದು ಹೋದ.

ಅತ್ತೆ ಒದ್ದೆ ಕೈಯಲ್ಲೇ ಬಂದು ಪೆಟ್ಟಿಗೆಯ ಉಕ್ಕಿನ ಪಟ್ಟಿಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರು.

"ಮುಟ್ಟಿ ನೋಡಲೇ ಅಳಿಯಾ. ಝುಂ ಅಂತದ. ನಿಮ್ಮ ಮಾವನ ಕೈ ಇದು."

ನಾನು ಮುಟ್ಟಲಿಲ್ಲ.

ಮುಂದಿನ ಅಮಾವಾಸ್ಯೆಗೆ ಪೆಟ್ಟಿಗೆ ಮೂಕಾಯಿತು. ಮರುದಿನ ಬೆಳಿಗ್ಗೆಯೇ ಅತ್ತೆಯ ಫೋನು. "ಕರೆಂಟಿನ ಡಿಪ್ಲೊಮಾ ಮಾಡೀಯಲ್ಲ, ಬಂದು ರಿಪೇರಿ ಮಾಡು. ರಾತ್ರಿಯೆಲ್ಲಾ ಕಾದೆ, ಅವರು ಬರಲಿಲ್ಲ."

"ಸತ್ತವರಿಗೂ ಕರೆಂಟ್ ಬೇಕೇನ್ರಿ ಅತ್ತಿ?"

"ನಿನಗ ವಾದ ಮಾಡಾಕ ನಾಲಿಗಿ ಬೇಕಿಲ್ಲೇನು? ಅವರಿಗೆ ಇದು ಬೇಕು. ಜಲ್ದಿ ಬಾ."

ಸಂಡೂರಿನ ಗಣಿ ಕ್ಯಾಂಪಿನ ಕ್ಲಬ್ಬು ಮುಚ್ಚಿದಾಗ ಮಾವ ತಮ್ಮ ಲಾರಿಯಲ್ಲಿ ಹಾಕಿಕೊಂಡು ಬಂದಿದ್ದ ಹಳೇ ವಿದೇಶಿ ಯಂತ್ರವದು. ಹಿಂದಿನ ಹಲಗೆ ಬಿಚ್ಚಿದೆ. ಗಣಿಯ ಕೆಂಧೂಳು ಇನ್ನೂ ಒಳಗಿತ್ತು. ಪವರ್ ಸಪ್ಲೈ ತಳದಲ್ಲಿತ್ತು, ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿದೊಡನೆ ಗುಂಯ್ ಎಂದಿತು. ಟೆಸ್ಟರ್ ತೆಗೆದು ಹೊರಗಿನ ಉಕ್ಕಿನ ಪಟ್ಟಿಗೆ ಮುಟ್ಟಿಸಿದೆ. ಮಬ್ಬು ಕೋಣೆಯಲ್ಲಿ ಟೆಸ್ಟರಿನ ದೀಪ ಕೆಂಡದ ಹಾಗೆ ಹೊತ್ತಿತು. ಅತ್ತೆ ಅಂಗೈ ಊರುತ್ತಿದ್ದ ಜಾಗ ಸರಿಯಾಗಿ ಅದೇ.

ಪ್ಲಗ್ ಕಿತ್ತು, ಮತ್ತೆ ಒಳಗೆ ಬಗ್ಗಿದೆ. ಟ್ರಾನ್ಸ್‌ಫಾರ್ಮರಿನ ಮೇಲೆ ಬಿಳಿ ಉಪ್ಪಿನ ಪೊರೆ, ಅದರೊಳಗೆ ಕುಂಕುಮದ ಕೆಸರು.

"ಅತ್ತಿ, ಪೂಜಾ ಹೆಂಗ ಮಾಡ್ತೀರಿ?"

"ಅವರು ಲಾರಿಗೆ ಮಾಡ್ತಿದ್ದಂಗ. ಕುಂಕುಮ ಹಚ್ಚಿ, ಕಾಯಿ ಒಡದು, ನೀರನ್ನ ಇದರ ಬಾಯಾಗ ಹಾಕ್ತೀನಿ."

"ಬಾಯಿ?"

ಅವರು ನಾಣ್ಯ ಹಾಕುವ ಸೀಳನ್ನು ತೋರಿಸಿದರು. "ಕಾಯಿನೀರು ಅಂದ್ರ ಅವರಿಗೆ ಭಾಳ ಜೀವ ಇತ್ತಲ್ಲ."

ಎಲ್ಲ ಅರ್ಥವಾಯಿತು. ಆ ನೀರು ನಾಣ್ಯ ಬಿದ್ದಾಗ ಕೂಡುವ ಎರಡು ತಗಡುಗಳ ನಡುವೆ ನಿಲ್ಲುತ್ತಿತ್ತು. ನಾಣ್ಯ ಬಿತ್ತೆಂದುಕೊಂಡು ಯಂತ್ರ ಹಾಡುತ್ತಿತ್ತು. ಉಳಿದದ್ದು ಟ್ರಾನ್ಸ್‌ಫಾರ್ಮರಿಗೆ ಇಳಿದು, ಕರೆಂಟು ಪೆಟ್ಟಿಗೆಯ ಮೈಗೆ ಸೋರುತ್ತಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ವೈರು ಎಲ್ಲಿಗೂ ಕೂಡಿರಲಿಲ್ಲ.

"ಅದು ಮಾವನ ಕೈ ಅಲ್ರಿ. ಕರೆಂಟು. ಇನ್ನೊಂದು ಅಮಾವಾಸಿಗೆ ನಿಮ್ಮನ್ನೂ ಹೊತಗೊಂಡು ಹೋಗ್ತದ."

"ಹೋದ್ರ ಎಲ್ಲಿಗೆ ಹೋಗ್ತೀನಿ? ಅವರ ಹಂತ್ಯಾಕ ಅಲ್ಲೇನು?"

ಎಂಥೆಂಥ ತೀರ್ಪುಗಾರರ ಮುಂದೆ ಮಾತಾಡಿದವನು ನಾನು. ಸ್ಕ್ರೂಡ್ರೈವರ್ ಎತ್ತಿಕೊಂಡು ಟ್ರಾನ್ಸ್‌ಫಾರ್ಮರ್ ಬಿಚ್ಚತೊಡಗಿದೆ.

ಹೊಸಪೇಟೆಯ ವೈಂಡಿಂಗ್ ಅಂಗಡಿಯಲ್ಲಿ ಟ್ರಾನ್ಸ್‌ಫಾರ್ಮರಿಗೆ ಹೊಸ ತಂತಿ ಸುತ್ತಿಸಿ ತಂದೆ. ತಗಡುಗಳನ್ನು ಉಜ್ಜಿದೆ. ಆಮೇಲೆ ಹಿತ್ತಲಲ್ಲಿ ಅರ್ಥಿಂಗಿಗೆಂದು ಆಳವಾಗಿ ಅಗೆದು, ಪೈಪು ನಿಲ್ಲಿಸಿ, ಇದ್ದಿಲು ಸುರಿದು, ಉಪ್ಪಿನ ಚೀಲ ಬಿಚ್ಚಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅವರನ್ನ ಒಮ್ಮೆ ಉಪ್ಪು ಹಾಕಿ ಮಣ್ಣು ಮಾಡೇವಲ್ಲೋ," ಎಂದರು. "ಮತ್ತ ಯಾಕ?"

ಗುದ್ದಲಿ ಕೆಳಗಿಟ್ಟು ಅವರತ್ತ ತಿರುಗಿದೆ. ಆದರೂ ಉಪ್ಪು ಸುರಿದು ಮಣ್ಣು ಮುಚ್ಚಿದೆ.

ಪೆಟ್ಟಿಗೆಯ ಅರ್ಥಿಂಗ್ ವೈರನ್ನು ಪೈಪಿಗೆ ಕೂಡಿಸಿ, ಒಳಗೆ ಬಂದು ಪ್ಲಗ್ ಹಾಕಿ, ಟೆಸ್ಟರ್ ಇಟ್ಟೆ. ದೀಪ ಹತ್ತಲಿಲ್ಲ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಪಟ್ಟಿಯ ಮೇಲೆ ಅಂಗೈ ಊರಿದರು. ಬೆರಳು ಅತ್ತಿತ್ತ ಸರಿಸಿದರು. ಇನ್ನೊಂದು ಕೈಯನ್ನೂ ಇಟ್ಟರು.

"ಇಲ್ಲ," ಎಂದರು. "ಎಲ್ಲಿ ಹೋತು ಅದು?"

"ಭೂಮಿಗೆ ಹೋಗ್ತದ ಈಗ," ಎಂದೆ. ವಿಜ್ಞಾನದ ಮಾತನ್ನೇ ಹೇಳಿದ್ದೆ. ನನ್ನ ಕಿವಿಗೆ ಅದು ಹಾಗೆ ಕೇಳಿಸಲಿಲ್ಲ. ಅವರ ಮುಖ ನೋಡಲಾಗದೆ ಮಾತು ಮುಂದುವರಿಸಿದೆ: "ಹಿತ್ತಲದಾಗ ಆ ಪೈಪಿನ ಬುಡಕ್ಕ ನೀರು ಹಾಕ್ತಿರ್ರಿ. ಒಣಗಾಕ ಬಿಡಬ್ಯಾಡ್ರಿ."

ಮುಂದಿನ ಅಮಾವಾಸ್ಯೆ ಸಂಜೆ ಬೇಕೆಂತಲೇ ಹೋದೆ. ಪೆಟ್ಟಿಗೆ ದೀಪ ಹೊತ್ತಿಸಿಕೊಂಡು ಸುಮ್ಮನೆ ನಿಂತಿತ್ತು. ನಾಣ್ಯದ ಬಾಯಿ ಒಣಗಿತ್ತು. ಅತ್ತೆ ಎಲ್ಲೂ ಕಾಣಲಿಲ್ಲ, ಹಿತ್ತಲಲ್ಲಿದ್ದರು. ಪೈಪಿಗೆ ಕುಂಕುಮ, ಬುಡದಲ್ಲಿ ಸೇವಂತಿಗೆ, ಒಡೆದ ಕಾಯಿ. ಕಾಯಿನೀರನ್ನು ಒಂದು ಹನಿ ಚೆಲ್ಲದಂತೆ ಪೈಪಿನ ಬಾಯಿಗೆ ಸುರಿಯುತ್ತಿದ್ದರು. ಆಮೇಲೆ ಪೈಪಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರು.

ಅರ್ಥಿಂಗಿಗೆ ಕಾಯಿನೀರಿನ ಉಪ್ಪು ಒಳ್ಳೆಯದೇ.

"ಬಾರಲೇ ಅಳಿಯಾ," ಎಂದರು ಕಣ್ಣು ತೆರೆಯದೆ.

ಹೋದೆ. ಹೋಗುವಾಗ ಆ ಹಸಿಮಣ್ಣನ್ನು ತುಳಿಯದೆ, ಸುತ್ತುಬಳಸಿ ಹೋದೆ.