ಸಿಡುಬಿನ ಕಲೆಯೂ ಮೈಕೂ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಕೆಡತೊಡಗಿತು. ಎಪ್ಪತ್ತರ ದಶಕದ ಆರಂಭ. ಯಳಂದೂರಿನಲ್ಲಿ ರೇಡಿಯೊದವರ ರೈತರ ಕಾರ್ಯಕ್ರಮ. ಧ್ವನಿಪರೀಕ್ಷೆಯಲ್ಲಿ ನನ್ನಕ್ಕನೇ ಮೊದಲು ಬಂದಿದ್ದಳು. ಅಂದಿನ ನಿರೂಪಣೆ ಚೆನ್ನಾಗಿ ಮಾಡಿದರೆ ನಿಲಯದಲ್ಲಿ ಕೆಲಸ ಎಂದಿದ್ದರು. ಆದರೆ ನಿಲಯದ ಅಧಿಕಾರಿ ಅವಳ ಮುಖದ ಸಿಡುಬಿನ ಕಲೆಗಳನ್ನು ಮೊದಲ ಸಲ ನೋಡಿದ್ದು ಆಗಲೇ.

“ವೇದಿಕೆಗೆ ಲಕ್ಷಣವಾಗಿರೋರು ಬೇಕಮ್ಮ.”

“ರೇಡಿಯೊದಲ್ಲಿ ಮೊಕ ಕಾಣ್ತದಾ ಸಾ?” ಎಂದಳು ಅಕ್ಕ.

ಅವರು ಪಟ್ಟಣದಿಂದ ಬಂದಿದ್ದ ಚೆಲುವೆಯೊಬ್ಬಳಿಗೆ ಮೈಕು ಕೊಟ್ಟರು.

ಸ್ವಲ್ಪ ಹೊತ್ತಿಗೆ ಯಾರದೋ ಬೀಡಿಯ ಕಿಡಿ ತಾಗಿ, ಸುತ್ತ ತಟ್ಟಿ ಕಟ್ಟಿದ್ದ ತೆಂಗಿನ ಗರಿಯ ಚಪ್ಪರ ಧಗ್ಗನೆ ಹೊತ್ತಿಕೊಂಡಿತು. ಜನರೆಲ್ಲ ಇದ್ದ ಒಂದೇ ಬಾಗಿಲಿಗೆ ನುಗ್ಗಿದರು. ಅಕ್ಕನ ಜೊತೆ ಬಂದಿದ್ದ ನಾನು ಬಿದ್ದೆ, ಯಾರದೋ ಕಾಲು ನನ್ನ ಬೆನ್ನ ಮೇಲಿತ್ತು. “ದಯವಿಟ್ಟು ಶಾಂತರಾಗಿರಿ” ಎಂದ ಆ ಹುಡುಗಿಯ ಮಾತು ಯಾರಿಗೂ ಮುಟ್ಟಲಿಲ್ಲ. ಅವಳೇ ಓಡಿಬಂದು ಅಕ್ಕನ ಕೈಗೆ ಮೈಕು ತುರುಕಿದಳು.

“ಬಾಗ್ಲಿಗೆ ನುಗ್ಬೇಡಿ ಕಣ್ರಪ್ಪ! ಎಂಗಸ್ರು ಕುಂತಿರೋ ಕಡೆ ತಟ್ಟಿ ಕೀಳಿ! ಐಕಳ ಎತ್ಕಂಡು ಅಂಗೇ ಗದ್ದೆಗಿಳೀರಿ! ಲೇ ಕೆಂಪು ಟವಲ್ಲು, ನಿಂಗೇ ಏಳ್ತಿರದು, ತಿರುಗ್ಲಾ!”

ಜನ ತಿರುಗಿದರು! ಬೆಂಕಿಯ ನಡುವೆಯೂ ಯಾರೋ ನಕ್ಕರು. ತಟ್ಟಿ ಬಿತ್ತು, ಎಲ್ಲರೂ ಹೊರಬಂದೆವು. ಅಕ್ಕ ಕೊನೆಯವಳಾಗಿ ಹೊರಗೆ ಹಾರಿದಳು.

ಆಮೇಲೂ ಅಧಿಕಾರಿ “ನೋಡೋಣ” ಎಂದರಷ್ಟೆ. ಯಳಂದೂರಿನವರು ನಿಲಯಕ್ಕೇ ಹೋಗಿ, “ನಮ್ಗೆ ಆ ಯಮ್ಮನ ದನಿನೇ ಬೇಕು” ಎಂದು ಪಟ್ಟು ಹಿಡಿದು ಕುಳಿತರು.

ತಿಂಗಳುಗಟ್ಟಲೆ ನಾನು ಹೊಗೆಯ ವಾಸನೆ ಬಂದಂತಾಗಿ ಎದ್ದು ಕೂರುತ್ತಿದ್ದೆ. ಕೊನೆಗೊಂದು ಸಂಜೆ ಕಾಮಗೆರೆಯ ನಮ್ಮ ಮನೆಯ ರೇಡಿಯೊದಲ್ಲಿ ಅಕ್ಕ ರೈತರಿಗೆ ನಮಸ್ಕಾರ ಹೇಳಿದಳು. ಅವ್ವ ರೇಡಿಯೊಗೇ ದೃಷ್ಟಿ ತೆಗೆದಳು. ಅಂದು ನಾನು ಬೆಳಗಿನವರೆಗೂ ಎಚ್ಚರವಾಗದೆ ಮಲಗಿದೆ.