ಗೈಡಕ್ಕನ ಮಾತು ಕದ್ದ ವಾರಗಿತ್ತಿ

ಊರಾಚೆಯ ಗುಹೆಗೆ ಬೀಗ ಬಿದ್ದ ದಿನ ಗೈಡಕ್ಕ ತನ್ನ ಟಾರ್ಚನ್ನು ಒರೆಸಿ ಕಪಾಟಿನೊಳಗಿಟ್ಟಳು. ಇಪ್ಪತ್ತೆರಡು ವರ್ಷ ಪ್ರವಾಸಿಗರನ್ನು ಆ ಕತ್ತಲೆಯೊಳಗೆ ಕರೆದೊಯ್ದು, ಕತೆ ಹೇಳಿ, ಯಾರ ತಲೆಯೂ ಬಂಡೆಗೆ ತಾಗದಂತೆ ಹೊರಗೆ ತಂದು ಬಿಟ್ಟವಳು ಅವಳು. ಸೋಂಕು ಹರಡಿ ಓಡಾಟವೇ ನಿಂತಮೇಲೆ ಕೈಕಟ್ಟಿ ಕೂತಳು.

ಅದೇ ಮನೆಯ ಮಹಡಿಯಲ್ಲಿ ಅವಳ ವಾರಗಿತ್ತಿ ಇದ್ದಳು, ಮೈದುನನ ಹೆಂಡತಿ. ಗುಹೆಯ ಬಾಯಲ್ಲೇ ಕೂತು ಹುಲ್ಲಿನ ಟೋಪಿ ಹೆಣೆದು ಮಾರುತ್ತಿದ್ದವಳು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಟೋಪಿಯವಳು ಗೈಡಕ್ಕನಿಗೆ ಲೆಕ್ಕಕ್ಕೇ ಇರಲಿಲ್ಲ, ಅಷ್ಟೆ.

ಎರಡು ತಿಂಗಳ ಮೇಲೆ ಪ್ರವಾಸೋದ್ಯಮ ಕಚೇರಿಯಿಂದ ಒಬ್ಬ ಅಧಿಕಾರಿಣಿ ಬಂದಳು. ಅಕ್ಕಪಕ್ಕದ ಊರಿನವರು ಈ ಜಾಗವನ್ನು ಮರೆಯಬಾರದು, ಇಲ್ಲಿನ ಸಣ್ಣಪುಟ್ಟ ಅಂಗಡಿಗಳಿಂದ ಪಾರ್ಸೆಲ್ಲಿನಲ್ಲಾದರೂ ಸಾಮಾನು ತರಿಸಿಕೊಳ್ಳಬೇಕು, ಅದಕ್ಕಾಗಿ ವಾರಕ್ಕೊಂದು ವಿಡಿಯೊ ಮಾಡಬೇಕು ಎಂದಳು. ಮೊದಲು ಕೇಳಿದ್ದು ಗೈಡಕ್ಕನನ್ನೇ. ಆದರೆ ಮೊಬೈಲಿನ ಮುಂದೆ ನಿಂತದ್ದೇ ತಡ, ಅವಳ ನಾಲಿಗೆ ಒಣಗಿತು. ಪಾಸ್‌ಪೋರ್ಟ್ ಫೋಟೊಗೆ ನಿಂತಂತೆ ಸೆಟೆದು, ನೋಟಿಸು ಓದಿದಂತೆ ನಾಲ್ಕು ಸಾಲು ಒಪ್ಪಿಸಿದಳು. ಅಧಿಕಾರಿಣಿ ಮೂರು ಸಲ ಪ್ರಯತ್ನಿಸಿ, ನಯವಾಗಿಯೇ ಕೇಳಿದಳು: "ಮನೇಲಿ ಬೇರೆ ಯಾರಾದ್ರೂ ಇದಾರಾ?"

ಮಹಡಿಯಿಂದ ವಾರಗಿತ್ತಿ ಇಳಿದು ಬಂದಳು. ತಲೆಯ ಮೇಲೊಂದು ಟೋಪಿ, ಕೈಯಲ್ಲಿ ಅರ್ಧ ಹೆಣೆದ ಇನ್ನೊಂದು. ಬೀಗ ಹಾಕಿದ ಗುಹೆಯ ಮುಂದೆ ಕೂತು, ಹೆಣೆಯುತ್ತಲೇ ಶುರು ಮಾಡಿದಳು: "ಒಳಗಿರೋ ಕಂಬಗಳು ಕಲ್ಲಲ್ಲ ಕಣ್ರೀ, ನೀರಿನ ತಾಳ್ಮೆ. ಆ ಹನಿಗಳಿಗೆ ಅವಸರ ಇದ್ದಿದ್ರೆ ಒಂದು ಕಂಬಾನೂ ಏಳ್ತಿರ್ಲಿಲ್ಲ."

ದೂರದಲ್ಲಿ ನಿಂತಿದ್ದ ಗೈಡಕ್ಕ ತಿರುಗಿ ಮನೆಗೆ ನಡೆದು ಬಾಗಿಲು ಹಾಕಿಕೊಂಡಳು. ಅದು ಅವಳದೇ ಮಾತು, ಅಕ್ಷರ ಅಕ್ಷರವೂ.

ವಿಡಿಯೊಗಳು ಹರಿದಾಡಿದವು. ಪಾರ್ಸೆಲ್ ಒಯ್ಯುವ ವ್ಯಾನು ದಿನಾ ಬಾಗಿಲಿಗೆ ಬರತೊಡಗಿತು. ಹಾರ್ನ್ ಕೇಳಿದಾಗಲೆಲ್ಲ ಗೈಡಕ್ಕ ಕಿಟಕಿ ಮುಚ್ಚುವಳು, ಮತ್ತೆ ಸಂದಿಯಿಂದ ಟೋಪಿಯ ಕಟ್ಟುಗಳನ್ನು ಎಣಿಸುವಳು. ಒಂದೊಂದು ವಿಡಿಯೊವನ್ನೂ ಏಳೆಂಟು ಸಲ ನೋಡುವಳು. ಎಲ್ಲಿ ಎಡವುತ್ತಾಳೆ ಎಂದು ಕಾಯುವುದೇ ಅವಳ ಕೆಲಸವಾಯಿತು.

"ಅಕ್ಕಾ, ಹೇಗೆ ಬಂದಿದೆ?" ಎಂದು ವಾರಗಿತ್ತಿ ಮೆಟ್ಟಿಲ ಮೇಲಿಂದ ಕೇಳಿದರೆ, "ನಾನೆಲ್ಲಿ ನೋಡಿದೆ ಮಾರಾಯ್ತಿ, ನಂಗೆ ಪುರುಸೊತ್ತೆಲ್ಲಿ?" ಎನ್ನುವಳು.

ಕೊನೆಗೂ ಒಂದು ತಪ್ಪು ಸಿಕ್ಕಿತು. ಮುನ್ನೂರು ಅಡಿ ಉದ್ದದ ಗುಹೆಯನ್ನು ವಾರಗಿತ್ತಿ ಇನ್ನೂರು ಅಂದುಬಿಟ್ಟಿದ್ದಳು. ಗೈಡಕ್ಕ ಗಂಡನ ಮೊಬೈಲು ಎತ್ತಿಕೊಂಡು, "ಗೊತ್ತಿಲ್ಲದವರು ಬಾಯಿ ಮುಚ್ಚಿಕೊಂಡಿರಬೇಕು. ಮುನ್ನೂರು ಅಡಿ" ಎಂದು ಆ ವಿಡಿಯೊದ ಕೆಳಗೆ ಅವನ ಹೆಸರಲ್ಲೇ ಬರೆದು ಹಾಕಿದಳು.

ಅರ್ಧ ಗಂಟೆಯೊಳಗೆ ಮೈದುನ ಕೆಳಗಿಳಿದು ಬಂದ. ಮುಖ ಸಣ್ಣಗಾಗಿತ್ತು. "ಅಣ್ಣಾ, ನೀನೂನಾ?"

ಗಂಡ ಮೊಬೈಲು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಒಗೆದ ಬಟ್ಟೆ ಮಡಚುವುದರಲ್ಲಿ ಮುಳುಗಿದ್ದಳು. "ಏನೋ ಒತ್ತೋಕೆ ಹೋಗಿ ಏನೋ ಆಗೋಯ್ತು ಕಣೋ," ಎಂದ ಗಂಡ.

ಮುಂದಿನ ವಿಡಿಯೊದಲ್ಲಿ ವಾರಗಿತ್ತಿ ಕೈಮುಗಿದಳು: "ನನ್ನ ತಪ್ಪನ್ನ ನಮ್ಮ ಭಾವ ತಿದ್ದಿದ್ರು. ಗುಹೆ ವಿಷಯ ಅವ್ರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ." ಒಂದು ದಿನವೂ ಗುಹೆಯೊಳಗೆ ಕಾಲಿಡದ ಗಂಡನಿಗೆ ದಾರಿಯಲ್ಲಿ ಸಿಕ್ಕವರೆಲ್ಲ ಶಹಬಾಸ್ ಹೇಳಿದರು. ಗೈಡಕ್ಕನಿಗೆ ಆ ವಾರ ಊಟ ಸೇರಲಿಲ್ಲ.

ತಡೆಯಲಾರದೆ ಒಂದು ಮಧ್ಯಾಹ್ನ ಮಹಡಿ ಹತ್ತಿದಳು. "ನೀನು ಆಡೋದೆಲ್ಲ ನನ್ನ ಮಾತು."

ವಾರಗಿತ್ತಿ ತಲೆ ಎತ್ತಿದಳು. "ಹೌದಕ್ಕಾ, ನಿಮ್ದೇ. ಹನ್ನೊಂದು ವರ್ಷ ಬಾಗಿಲಲ್ಲಿ ಕೂತು ಕೇಳಿದೀನಿ. ನಿಮ್ಮ ಹೆಸರು ಹೇಳ್ಲಾ ಅಂತ ಮೊದಲ ದಿನಾನೇ ಕೇಳೋಕೆ ಬಂದಿದ್ದೆ. ನೀವು ಬಾಗಿಲು ತೆಗೀಲಿಲ್ಲ."

ಅದು ನಿಜ. ಗೈಡಕ್ಕ ತಿರುಗಿ ಕೆಳಗಿಳಿದಳು. ಹೊಟ್ಟೆಯುರಿ ಮಾತ್ರ ಇಳಿಯಲಿಲ್ಲ.

ಮಳೆ ಮುಗಿದಮೇಲೆ, ಹತ್ತಿರದ ಊರಿನವರು ಹತ್ತತ್ತು ಜನರಂತೆ ಗುಹೆ ನೋಡಬಹುದು ಎಂದು ಆದೇಶ ಬಂತು. ಮೊದಲ ತಂಡ ಬಂದದ್ದೇ, "ಟೋಪಿಯಕ್ಕ ಎಲ್ಲಿ?" ಎಂದಿತು. ಗೈಡಕ್ಕ ಮಾಸ್ಕಿನೊಳಗೆ ಹಲ್ಲು ಕಚ್ಚಿಕೊಂಡು ಮುಂದೆ ನಡೆದಳು.

ಮೊದಲ ಕಂಬದ ಹತ್ತಿರ ನಿಂತು ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಅಜ್ಜಿ ಹೇಳಿಯೇಬಿಟ್ಟಳು: "ಗೊತ್ತು ಬಿಡಮ್ಮ, ಕಲ್ಲಲ್ಲ, ನೀರಿನ ತಾಳ್ಮೆ." ಎಲ್ಲರೂ ತಲೆಯಾಡಿಸಿದರು. ಎರಡನೆಯ ಕಂಬದ ಕತೆಯೂ ಅವರಿಗೆ ಬಾಯಿಪಾಠ. ಗೈಡಕ್ಕನ ಬಳಿ ಹೇಳಲು ಏನೂ ಉಳಿದಿರಲಿಲ್ಲ. ಕಣ್ಣಿಗೆ ನೀರು ಬಂತು. ಕಾಣಬಾರದೆಂದು ಟಾರ್ಚ್ ಆರಿಸಿದಳು.

ಕತ್ತಲೆಯಲ್ಲಿ ಹತ್ತು ಜನ ಉಸಿರು ಬಿಗಿಹಿಡಿದರು. ಆಗ ಅವಳ ಬಾಯಿಂದ ತಾನಾಗಿ ಹೊರಟಿತು: "ಮದುವೆಯಾದ ಹೊಸದರಲ್ಲಿ ಅತ್ತೆ ಜೊತೆ ಜಗಳ ಆಡ್ಕೊಂಡು, ಇಲ್ಲೇ ಬಂದು ಬಚ್ಚಿಟ್ಕೊಂಡಿದ್ದೆ. ದೀಪ ಇರ್ಲಿಲ್ಲ, ದಾರಿ ತಪ್ತು. ಕೊನೆಗೆ ಹುಡುಕ್ಕೊಂಡು ಬಂದಿದ್ದು ಯಾರು ಅಂತೀರಾ? ಅದೇ ಅತ್ತೆ! ಅವ್ರಿಗೂ ದಾರಿ ತಪ್ತು!" ಕತ್ತಲೆಯಲ್ಲಿ ನಗು ಹುಟ್ಟಿತು. ಅತ್ತೆ ಸೊಸೆ ಕೈಹಿಡಿದು ಗೋಡೆ ತಡವುತ್ತ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಹೊರಬಂದ ಕತೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತ ಹೇಳುತ್ತ ದನಿ ತಗ್ಗಿಸಿದಳು, ಬಾಗಿಲಲ್ಲಿ ಕೂತ ವಾರಗಿತ್ತಿಗೆ ಕೇಳಿಸಬಾರದೆಂದು.

ತಂಡ ನಗುತ್ತಲೇ ಹೊರಬಂದು ಟೋಪಿಗಳಿಗೆ ಮುಗಿಬಿತ್ತು. ವಾರಗಿತ್ತಿ ಕುತ್ತಿಗೆ ಉದ್ದ ಮಾಡಿ ಕೇಳಿದಳು: "ಒಳಗೇನು ಹೇಳಿದ್ರಿ ಅಕ್ಕಾ?"

"ಟಿಕೆಟ್ ತಗೊಂಡು ಬಾ, ಹೇಳ್ತೀನಿ," ಎಂದು ಗೈಡಕ್ಕ ಮುಂದಿನ ತಂಡವನ್ನು ಕರೆದಳು.