ಸಾವಿನ ಮನೆಯ ಕುಶಲ

ಮೈಸೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಹಾಸನದ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ಮಹೇಶ ತೀರಿಹೋದ. ಅಶೋಕಪುರಂನ ಅವನ ಮನೆಯವರನ್ನು ಮಾತಾಡಿಸಿಕೊಂಡು ಹೋಗಲು ಬಂದಿದ್ದೆ. ವಾರ್ಡನ್ನಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರ ದನಿಯನ್ನೂ ಅಣಕಿಸುವ ನನ್ನ ಬಾಯಿಗೆ ಅಲ್ಲಿ ಸ್ವಂತದ್ದೊಂದು ಮಾತು ಸಿಗಲಿಲ್ಲ. "ನಿಮ್ ಕಡೆ ಮಳೆ ಎಂಗೆ?" ಎಂದರು ಅವನ ದೊಡ್ಡಪ್ಪ. "ಪರವಾಗಿಲ್ಲ" ಎಂದೆ. ಅಲ್ಲಿಗೆ ಮಾತು ಮುಗಿಯಿತು.

ಹೊರಡುವ ಮುಂಚೆ ಹಿತ್ತಲ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದೆ. ಅವನ ಅಕ್ಕ ಬಂದು ನಿಂತರು. ಪ್ರತಿ ಭಾನುವಾರ ಎಸ್‌ಟಿಡಿ ಬೂತಿನಿಂದ ಮಹೇಶ ಫೋನ್ ಮಾಡುತ್ತಿದ್ದುದು ಇವರಿಗೇ.

"ನೀನು ಥೇಟ್ ಅವನಂಗೇ ಮಾತಾಡ್ತೀಯಂತೆ, ಅವನೇ ಏಳ್ತಿದ್ದ. ಎಲ್ಲಿ, ಊಟ ಆಯ್ತೇನೋ?"

ಅವನಂತೆಯೇ ಮೂಗಿನಲ್ಲಿ ರಾಗ ಎಳೆದೆ. "ಆಯ್ತು ಕಣಕ್ಕ, ನಿಂದು?"

ಅಕ್ಕ ಕಣ್ಣು ಮುಚ್ಚಿಕೊಂಡರು. "ಆಗ್ಬೇಕು ಕಣೋ. ಏನ್ ಸಾರು?"

"ಬರೀ ನೀರು ಕಣಕ್ಕ. ಬೇಳೆ ಹುಡುಕಿ ಹುಡುಕಿ ಸಾಕಾಗ್ಬುಡ್ತು."

ಅವರು ನಕ್ಕುಬಿಟ್ಟರು. ನನಗೂ ಹುಮ್ಮಸ್ಸು ಬಂತು. ಯಾರಾದರೂ ನಕ್ಕರೆ ಸಾಕು, ಇನ್ನೊಂದು ಲಾಗ ಹಾಕುವ ಕೋತಿ ನಾನು.

"ಓಗ್ಲಿ ಬುಡು. ಊರಿಗೆ ಯಾವಾಗ್ ಬರ್ತೀಯೋ?"

ಮಹೇಶನಾಗಿದ್ದರೆ "ಶನಿವಾರ ಬಂದ್ಬುಡ್ತೀನಿ" ಎನ್ನುತ್ತಿದ್ದ. ಆದರೆ ಸಾವಿನ ಮನೆಯಿಂದ ಹೊರಡುವವರು "ಬರ್ತೀನಿ" ಎನ್ನಬಾರದು. ಕೊನೆಗೆ ನನ್ನದೇ ದನಿಯಲ್ಲಿ ತಡವರಿಸಿದೆ: "ಟ್ರೇನಿಗೆ ಹೊತ್ತಾಯ್ತು ಅಕ್ಕ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು.

"ನಿನ್ನ ಯಾರ್ ಕೇಳಿದ್ರೋ?"